ಹೊಲ ಕಾಯುವ ಬಂದೂಕು: ಹದಿನಾರನೆಯ ಬೋರಿನ ಗುಣವೂ ತೊಡಕೂ

(ಕಲಬುರಗಿ ಮತ್ತು ಕಮಲಾಪುರ ಸೀಮೆಯ ಭೂಮಾಲೀಕರಿಗೂ ಗ್ರಾಮದ ಮುಖಂಡರಿಗೂ ಉದ್ದೇಶಿಸಿದ ಉಪನ್ಯಾಸದ ಪಾಠ)



ಬೆಳೆಯನ್ನು ಬೆಳೆಯುವ ಶ್ರಮ ಒಂದು; ಬೆಳೆದುದನ್ನು ಕಣಕ್ಕೆ ತರುವವರೆಗೆ ಕಾಯುವ ಶ್ರಮ ಇನ್ನೊಂದು. ಕಲಬುರಗಿ ಸೀಮೆಯ ಎರೆಹೊಲದಲ್ಲಿ ತೊಗರಿಯು ಮೊಳೆತು ಎಲೆ ಬಿಡುವಷ್ಟರಲ್ಲಿ ಕೃಷ್ಣಮೃಗಗಳ ಹಿಂಡು ಬಂದು ಚಿಗುರನ್ನು ಮೇಯುವುದುಂಟು. ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆ ಕಾಡುಹಂದಿ ನುಗ್ಗಿದರೆ ಗಡ್ಡೆಯನ್ನೇ ಅಗೆದು ಗಿಡವನ್ನು ಕೆಡಹುತ್ತದೆ. ಶೇಂಗಾ, ಕಬ್ಬು, ಜೋಳಗಳ ಪಾಡೂ ಇದೇ. ಹಗಲಿನಲ್ಲಿ ಹಕ್ಕಿಗಳಿಗೆ ಮಂಚಿಗೆಯ ಮೇಲಿನ ಕವಣೆ ಸಾಕಾದೀತು. ರಾತ್ರಿಯ ಹಂದಿಗೆ ಕವಣೆಯ ಕಲ್ಲು ಯಾವ ಲೆಕ್ಕ? ಆದುದರಿಂದ ಅನುಕೂಲವುಳ್ಳ ಮನೆತನಗಳವರು ಹಿಂದಿನಿಂದಲೂ ಒಂದು ಬಂದೂಕನ್ನು ಇಟ್ಟುಕೊಂಡು ಬಂದಿದ್ದಾರೆ. ಮಲೆನಾಡಿನವರು ಇದನ್ನು ಕೋವಿ ಎನ್ನುವರು, ಕೊಡಗಿನವರು ತೋಕ್ ಎನ್ನುವರು. ಈ ಸೀಮೆಯಲ್ಲಿ ಬಂದೂಕವೆಂದೇ ಬಳಕೆ.

ನಿಜಾಮರು ಕಲಬುರಗಿಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಐವಾನ್-ಎ-ಶಾಹಿಯು ಈಗ ಸರಕಾರದ ಅತಿಥಿಗೃಹವಾಗಿದೆ. ಆ ಅರಸೊತ್ತಿಗೆಯ ಆಳ್ವಿಕೆ ೧೯೪೮ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆದರೆ ಆ ಕಾಲದ ಪದಾರ್ಥಗಳು ಅಷ್ಟು ಬೇಗ ಮುಗಿಯುವುದಿಲ್ಲ. ಊರ ವಾಡೆಯ ಒಳಕೋಣೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆಯ ಬಂದೂಕೊಂದು ಎಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ಇದ್ದರೆ ಆಶ್ಚರ್ಯವಿಲ್ಲ. ಅಂಥ ಬಂದೂಕನ್ನು ಬಿಚ್ಚಿ ನೋಡಿದಾಗ ಕೆಲವೊಮ್ಮೆ ನಳಿಗೆಯ ಅಡಿಯಲ್ಲಿ ೧೨ ಎಂಬ ಅಂಕಿಗೆ ಬದಲಾಗಿ ೧೬ ಎಂದು ಕೊರೆದಿರುವುದು ಕಾಣುತ್ತದೆ. ಆಗ ಮನೆಯ ಯಜಮಾನನಿಗೆ ಮೂರು ಪ್ರಶ್ನೆಗಳು ಹುಟ್ಟುತ್ತವೆ. ಇದು ಹೆಚ್ಚಿನದೋ ಕಡಿಮೆಯದೋ? ಇದರಿಂದ ಹೊಲ ಕಾಯಬಹುದೋ? ಇದನ್ನು ಇಟ್ಟುಕೊಳ್ಳಬೇಕೋ, ಕೊಟ್ಟು ಬೇರೆಯದನ್ನು ತರಬೇಕೋ? ಈ ಉಪನ್ಯಾಸವು ಆ ಯಜಮಾನನಿಗಾಗಿಯೇ ಬರೆದದ್ದು.

ಮೊದಲು ಬೋರು ಎಂದರೇನೆಂಬುದನ್ನು ತಿಳಿಯತಕ್ಕದ್ದು. ಇದರ ಲೆಕ್ಕವು ತಿರುವುಮುರುವಾದುದರಿಂದ ಅನೇಕರು ತಪ್ಪು ತಿಳಿದುಕೊಳ್ಳುತ್ತಾರೆ. ಒಂದು ಪೆಂಟೆ ಬೆಲ್ಲದಿಂದ ಹನ್ನೆರಡು ಸಮನಾದ ಉಂಡೆಗಳನ್ನು ಕಟ್ಟಿದರೆ ಉಂಡೆ ದೊಡ್ಡದಾಗುವುದು. ಅದೇ ಪೆಂಟೆಯಿಂದ ಹದಿನಾರು ಕಟ್ಟಿದರೆ ಉಂಡೆ ಚಿಕ್ಕದಾಗುವುದು. ಬಂದೂಕಿನಲ್ಲಿಯೂ ಹೀಗೆಯೇ. ಒಂದು ಪೌಂಡು, ಎಂದರೆ ಸುಮಾರು ೪೫೪ ಗ್ರಾಂ ಸೀಸವನ್ನು ಕರಗಿಸಿ ಹನ್ನೆರಡು ಸಮನಾದ ಗುಂಡುಗಳನ್ನು ಎರೆದರೆ, ಅವುಗಳಲ್ಲೊಂದು ಯಾವ ನಳಿಗೆಯಲ್ಲಿ ಸರಿಯಾಗಿ ಕೂಡುವುದೋ ಅದು ೧೨ ಬೋರು. ಹದಿನಾರು ಗುಂಡುಗಳನ್ನು ಎರೆದರೆ ೧೬ ಬೋರು. ಇಪ್ಪತ್ತು ಎರೆದರೆ ೨೦ ಬೋರು. ಆದುದರಿಂದ ಅಂಕಿ ಏರಿದಷ್ಟೂ ನಳಿಗೆ ಕಿರಿದು. ೧೨ ಬೋರಿನ ಒಳವ್ಯಾಸ ೧೮.೫ ಮಿಲಿಮೀಟರು, ೧೬ರದು ೧೬.೮, ೨೦ರದು ೧೫.೬, ೨೮ರದು ೧೪. ‘ನಾಲ್ಕುನೂರ ಹತ್ತು’ ಎಂದು ಕರೆಯುವ ಇನ್ನೊಂದು ಚಿಕ್ಕ ಬಂದೂಕುಂಟು. ಅದಕ್ಕೆ ಮಾತ್ರ ಈ ಲೆಕ್ಕ ಅನ್ವಯಿಸದು. ಅದರ ಹೆಸರೇ ಅದರ ಒಳವ್ಯಾಸ, ಎಂದರೆ ಅಂಗುಲದ ಸಾವಿರ ಭಾಗಗಳಲ್ಲಿ ೪೧೦ ಭಾಗ.

ಈ ಪಂಕ್ತಿಯಲ್ಲಿ ೧೨ ಬೋರು ಎಲ್ಲೆಲ್ಲಿಯೂ ಬಳಕೆಯಲ್ಲಿರುವುದು. ೧೬ ಬೋರು ವಿರಳ. ವಿರಳವಾದುದರ ಮೇಲೆ ಮನುಷ್ಯನಿಗೆ ಒಂದು ಬಗೆಯ ಮೋಹ ಇರುವುದು ಸಹಜ. ಆದರೆ ಇಲ್ಲಿ ಆ ಮೋಹಕ್ಕೆ ಸ್ವಲ್ಪ ಕಾರಣವೂ ಉಂಟು.

ಕಾರಣವೇನೆಂದರೆ, ಪೌಂಡಿಗೆ ಹದಿನಾರು ಔನ್ಸು. ಆದುದರಿಂದ ೧೬ ಬೋರಿಗೆ ತಕ್ಕ ಗುಂಡಿನ ತೂಕ ಸರಿಯಾಗಿ ಒಂದು ಔನ್ಸು, ಎಂದರೆ ೨೮ ಗ್ರಾಮಿಗೆ ತುಸು ಹೆಚ್ಚು. ಆ ಬೋರಿನ ತೋಟಾದಲ್ಲಿ ವಾಡಿಕೆಯಾಗಿ ತುಂಬುವ ಚರೆಯ ತೂಕವೂ ಒಂದು ಔನ್ಸೇ. ಹೀಗೆ ತುಂಬಿದ ಚರೆಯು ನಳಿಗೆಯಲ್ಲಿ ಉದ್ದಕ್ಕೆ ಗೂಟದಂತೆ ನಿಲ್ಲದೆ, ಅಗಲಕ್ಕೆ ತಟ್ಟೆಯಂತೆ ಹರಡದೆ, ಉದ್ದಗಲಗಳೆರಡೂ ಹೆಚ್ಚುಕಡಿಮೆ ಸಮನಾಗಿ ಕೂಡುವುದೆಂದು ಬಂದೂಕಿನ ಕೆಲಸಗಾರರು ಮೆಚ್ಚುವರು. ಚರೆಯ ಕಂಬ ಉದ್ದವಾದಷ್ಟೂ ಸಿಡಿತದ ಒತ್ತಡಕ್ಕೆ ಸಿಕ್ಕಿ ಜಜ್ಜಿಹೋಗುವ ಕಾಳುಗಳು ಹೆಚ್ಚು. ಜಜ್ಜಿದ ಕಾಳು ನೆಟ್ಟಗೆ ಹೋಗದೆ ಓರೆಯಾಗಿ ಹಾರುವುದು. ಅದೇ ಒಂದು ಔನ್ಸನ್ನು ೨೦ ಬೋರಿನ ಕಿರಿದಾದ ನಳಿಗೆಗೆ ತುಂಬಿದರೆ ಈ ದೋಷ ಹೆಚ್ಚುವುದು. ಇಂದಿನ ತೋಟಾಗಳಲ್ಲಿ ಚರೆಯನ್ನು ಪ್ಲಾಸ್ಟಿಕ್ಕಿನ ಬಟ್ಟಲಿನಲ್ಲಿಟ್ಟು ತುಂಬುವುದರಿಂದ ಈ ವ್ಯತ್ಯಾಸವು ಹಿಂದಿನಷ್ಟು ದೊಡ್ಡದಲ್ಲವೆಂಬುದನ್ನೂ ಹೇಳತಕ್ಕದ್ದೇ.

ಇನ್ನು ಬಂದೂಕಿನ ತೂಕ. ಹಾರಿಸಿದಾಗ ಹೆಗಲಿಗೆ ಬೀಳುವ ಒದೆತವು ಸಹ್ಯವಾಗಬೇಕಾದರೆ ಬಂದೂಕಿನ ತೂಕವು ಚರೆಯ ತೂಕದ ೯೬ ಪಟ್ಟು ಇರಬೇಕೆಂಬುದು ಇಂಗ್ಲಿಷ್ ಕೆಲಸಗಾರರ ಹಳೆಯ ಲೆಕ್ಕ. ಒಂದು ಔನ್ಸಿಗೆ ೯೬ ಔನ್ಸು, ಎಂದರೆ ಆರು ಪೌಂಡು, ಸುಮಾರು ೨.೭ ಕಿಲೋ. ೧೨ ಬೋರಿನ ಒಂದೂ ಕಾಲರೆ ಔನ್ಸಿಗೆ, ಎಂದರೆ ಒಂದು ಔನ್ಸಿನ ಮೇಲೆ ಎಂಟನೆಯ ಒಂದು ಭಾಗಕ್ಕೆ, ಆರೂಮುಕ್ಕಾಲು ಪೌಂಡು. ಸುಮಾರು ೩ ಕಿಲೋ. ೩೦೦ ಗ್ರಾಮಿನ ಅಂತರ ಅಂಗಡಿಯಲ್ಲಿ ನಿಂತು ಎತ್ತಿ ನೋಡಿದಾಗ ಏನೂ ಅನಿಸದು. ಎರೆಮಣ್ಣು ಕಾಲಿಗೆ ಮೆತ್ತಿಕೊಳ್ಳುವ ಶ್ರಾವಣ ಮಾಸದಲ್ಲಿ, ನಾಲ್ಕಾರು ಹೊಲಗಳ ಬದುವನ್ನು ಸುತ್ತಿ ಬಂದವನ ತೋಳಿಗೆ ಅದು ತಿಳಿಯುವುದು. ಮೈಕಟ್ಟು ಸಣ್ಣದಾದವರಿಗೂ ವಯಸ್ಸಾದವರಿಗೂ ೧೬ ಬೋರಿನ ಹಗುರವಾದ ಬಂದೂಕು ಕೈಗೆ ಒಗ್ಗುತ್ತದೆ. ಬೇಗ ಎತ್ತಿ ಹೆಗಲಿಗೆ ಕೂಡಿಸಬಹುದು. ಇದೇ ಅದರ ಮೆಚ್ಚಿಕೆಯ ಮುಖ್ಯ ಆಧಾರ.

ಹಾಗಾದರೆ ದೂರದ ಮಾತೇನು? ದೊಡ್ಡ ಬೋರು ದೂರ ಹೊಡೆಯುವುದು, ಚಿಕ್ಕ ಬೋರು ಹತ್ತಿರ ಹೊಡೆಯುವುದು ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಇದು ಸರಿಯಲ್ಲ. ಒಂದೇ ಗಾತ್ರದ ಕಾಳು ಯಾವ ಬೋರಿನಿಂದ ಹೊರಟರೂ ಅದರ ವೇಗ ಬಹುಮಟ್ಟಿಗೆ ಒಂದೇ. ವ್ಯತ್ಯಾಸವಿರುವುದು ಕಾಳುಗಳ ಸಂಖ್ಯೆಯಲ್ಲಿ. ಇಂಗ್ಲಿಷ್ ಮಾನದ ಆರನೆಯ ನಂಬರಿನ ಚರೆ ಒಂದು ಔನ್ಸಿಗೆ ಸುಮಾರು ೨೭೦ ಕಾಳು. ೧೨ ಬೋರಿನ ಮೇಲೆ ಹೇಳಿದ ತೋಟಾದಲ್ಲಿ ೩೦೪, ೧೬ರಲ್ಲಿ ೨೭೦, ಮುಕ್ಕಾಲಿಗೆ ಮೇಲೆ ಅರೆಪಾವಿನಷ್ಟು ಔನ್ಸು ತುಂಬುವ ೨೦ರಲ್ಲಿ ೨೩೬. ನಲವತ್ತು ಗಜದ ದೂರದಲ್ಲಿ ಮೂವತ್ತು ಅಂಗುಲದ ವೃತ್ತದೊಳಗೆ ಇವುಗಳಲ್ಲಿ ನೂರಕ್ಕೆ ಅರವತ್ತು ಬಿದ್ದರೆ, ಕ್ರಮವಾಗಿ ೧೮೨, ೧೬೨, ೧೪೨ ಕಾಳು. ಹನ್ನೆರಡಕ್ಕೂ ಹದಿನಾರಕ್ಕೂ ಇರುವ ಅಂತರ ಇಷ್ಟೇ. ನೂರಾರು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳಬೇಕಾದ ಅಂತರವೂ ಅಲ್ಲ, ಅಜ್ಜನ ಬಂದೂಕನ್ನು ಹೀನವೆಂದು ತಳ್ಳಬೇಕಾದ ಅಂತರವೂ ಅಲ್ಲ.

ಕಾಳುಗಳು ಎಷ್ಟು ಒತ್ತಾಗಿ ಬೀಳುವುವೆಂಬುದನ್ನು ನಿರ್ಧರಿಸುವುದು ಬೋರಿಗಿಂತ ಹೆಚ್ಚಾಗಿ ನಳಿಗೆಯ ಬಾಯಿಯ ಇಕ್ಕಟ್ಟು. ಇದಕ್ಕೆ ಚೋಕು ಎಂದು ಹೆಸರು. ಇಕ್ಕಟ್ಟಿಲ್ಲದ ನೇರ ನಳಿಗೆಯಿಂದ ಆ ವೃತ್ತದೊಳಗೆ ನೂರಕ್ಕೆ ನಲವತ್ತು ಕಾಳು ಬಿದ್ದರೆ, ಅರೆ ಚೋಕಿನಿಂದ ಅರವತ್ತು, ಪೂರ್ಣ ಚೋಕಿನಿಂದ ಎಪ್ಪತ್ತು ಬೀಳುವುವು. ಜೋಡುನಳಿಗೆಯ ಬಂದೂಕಿನ ಹೆಚ್ಚುಗಾರಿಕೆ ಇಲ್ಲಿಯೇ: ಸಾಮಾನ್ಯವಾಗಿ ಬಲ ನಳಿಗೆಯನ್ನು ಸಡಿಲವಾಗಿಯೂ ಎಡ ನಳಿಗೆಯನ್ನು ಬಿಗಿಯಾಗಿಯೂ ಮಾಡಿರುತ್ತಾರೆ, ಮುಂದಿನ ಟ್ರಿಗರು ಬಲಕ್ಕೆ, ಹಿಂದಿನದು ಎಡಕ್ಕೆ. ಹತ್ತಿರಕ್ಕೆ ಒಂದು, ದೂರಕ್ಕೆ ಒಂದು ಎಂದು ಬೆರಳಿನ ತುದಿಯಲ್ಲಿಯೇ ಆರಿಸಿಕೊಳ್ಳಬಹುದು. ತನ್ನ ಬಂದೂಕಿನ ಚೋಕನ್ನು ತಿಳಿಯದೆ ಬೋರಿನ ವಿಷಯದಲ್ಲಿ ಕಟ್ಟೆಯ ಮೇಲೆ ವಾದ ಮಾಡುವವರು ಎತ್ತಿನ ಹಲ್ಲನ್ನು ಎಣಿಸದೆ ಬಣ್ಣವನ್ನು ಹೊಗಳುವವರಂತೆ.

ಕುದುರೆಗಳ ವಿಷಯವೂ ಒಂದು ಮಾತು ಬೇಡುತ್ತದೆ. ಹಳೆಯ ಬಂದೂಕುಗಳಲ್ಲಿ ಕುದುರೆ ಹೊರಗೆ ಕಾಣುತ್ತದೆ. ಹಿಂದಕ್ಕೆ ಎಳೆದು ನಿಲ್ಲಿಸಿದ ಹೊರತು ಹಾರದು. ಹೊಸ ಮಾದರಿಯಲ್ಲಿ ಕುದುರೆ ಒಳಗಡಗಿದ್ದು, ಬಂದೂಕನ್ನು ಮುರಿದು ಮುಚ್ಚಿದೊಡನೆ ತಾನೇ ಸಜ್ಜಾಗುತ್ತದೆ. ತಡೆಯುವುದಕ್ಕೆ ಮೇಲ್ಗಡೆ ಒಂದು ಜಾರುಗುಂಡಿ ಮಾತ್ರ. ಅಭ್ಯಾಸವಿಲ್ಲದ ಕಾವಲುಗಾರನ ಕೈಯಲ್ಲಿ ಹೊರಗುದುರೆಯ ಬಂದೂಕೇ ಮೇಲೆಂದು ಹೇಳುವವರುಂಟು, ಏಕೆಂದರೆ ಅದು ಸಜ್ಜಾಗಿದೆಯೋ ಇಲ್ಲವೋ ದೂರದಿಂದಲೇ ಕಾಣುತ್ತದೆ. ಆದರೆ ಎಳೆದ ಕುದುರೆಯನ್ನು ಹಾರಿಸದೆ ಮೆಲ್ಲಗೆ ಇಳಿಸುವಾಗ ಬೆವರಿದ ಹೆಬ್ಬೆರಳು ಜಾರಿದರೆ ಅಲ್ಲಿಗೆ ಮುಗಿಯಿತು. ಅಂಥ ಸಮಯದಲ್ಲಿ ಮೊದಲು ಬಂದೂಕನ್ನು ಮುರಿದು ತೋಟಾ ತೆಗೆದು, ಅನಂತರ ಕುದುರೆ ಇಳಿಸತಕ್ಕದ್ದು. ಅದರ ಮರದ ಹಿಡಿ, ಎಂದರೆ ಕುಂದಾ, ಹಿಡಿಯುವವನ ತೋಳಿಗೆ ಸರಿಯಾಗಿರಬೇಕು. ಉದ್ದವಾದ ಹಿಡಿ ಅಂಗಿಗೆ ಸಿಕ್ಕುವುದು, ಗಿಡ್ಡವಾದದ್ದು ಕೆನ್ನೆಗೆ ಬಡಿಯುವುದು.

೧೬ ಬೋರು ಇಷ್ಟು ಹದವಾದದ್ದಾದರೆ ಅದು ವಿರಳವಾದುದೇಕೆ? ಜರ್ಮನಿ, ಆಸ್ಟ್ರಿಯ, ಬೆಲ್ಜಿಯಂ, ಫ್ರಾನ್ಸ್ ದೇಶಗಳಲ್ಲಿ ಒಂದು ಕಾಲಕ್ಕೆ ಅದಕ್ಕೆ ಒಳ್ಳೆಯ ಮನ್ನಣೆ ಇತ್ತು. ಬೆಲ್ಜಿಯಂನ ಲಿಯೇಜ್ ನಗರದಿಂದ ದೇಶದೇಶಗಳಿಗೆ ಬಂದೂಕುಗಳು ಹೋಗುತ್ತಿದ್ದುವು. ಇಂಗ್ಲಿಷರಿಗೆ ಮಾತ್ರ ಮೊದಲಿನಿಂದಲೂ ೧೨ರ ಮೇಲೆ ಒಲವು. ಅಮೆರಿಕದಲ್ಲಿ ೧೯೨೦ರ ದಶಕದಲ್ಲಿ ಸ್ಕೀಟ್ ಎಂಬ ಗುರಿಯ ಆಟ ಹುಟ್ಟಿ ಬೆಳೆದಾಗ ಅದರ ಪಂದ್ಯಗಳನ್ನು ೧೨, ೨೦, ೨೮ ಹಾಗೂ ನಾಲ್ಕುನೂರ ಹತ್ತು ಎಂದು ವಿಂಗಡಿಸಿದರು. ೧೬ಕ್ಕೆ ಪ್ರತ್ಯೇಕ ಸ್ಥಾನ ದೊರೆಯಲಿಲ್ಲ. ಪಂದ್ಯದಲ್ಲಿ ಸ್ಥಾನವಿಲ್ಲದ ಬೋರಿಗೆ ಹೊಸ ತೋಟಾಗಳನ್ನು ಮಾಡುವ ಉತ್ಸಾಹ ಕಾರ್ಖಾನೆಗಳಿಗೆ ಕುಗ್ಗಿತು. ಮುಂದೆ ೧೯೫೦ರ ದಶಕದಲ್ಲಿ ಮೂರು ಅಂಗುಲದ ಉದ್ದನೆಯ ತೋಟಾ ಬಂದು ೨೦ ಬೋರೇ ಹದಿನಾರರ ಭಾರವನ್ನು ಹೊರತೊಡಗಿತು. ಇತ್ತ ೧೨ ಬೋರಿನಲ್ಲಿಯೇ ಹಗುರವಾದ ತೋಟಾಗಳು ಬಳಕೆಗೆ ಬಂದುವು. ಇಂದಿನ ಒಲಿಂಪಿಕ್ ಪಂದ್ಯಗಳಲ್ಲಿ ೧೨ ಬೋರಿನಿಂದ ಹಾರಿಸುವ ಚರೆ ೨೪ ಗ್ರಾಮಿನದು, ಎಂದರೆ ಹದಿನಾರರ ಒಂದು ಔನ್ಸಿಗಿಂತಲೂ ಕಡಿಮೆ. ಮೇಲಿನವನೂ ಕೆಳಗಿನವನೂ ಒತ್ತಿದಾಗ ನಡುವಣವನ ಗತಿ ಏನಾಗುವುದೋ ಅದೇ ಗತಿ ಹದಿನಾರಕ್ಕಾಯಿತು. ಗುಣದಲ್ಲಿ ಸೋತುದಲ್ಲ, ಬಳಕೆಯಲ್ಲಿ ಸೋತುದು.

ನಮ್ಮ ದೇಶದ ರೈತನಿಗೆ ಈ ಬಳಕೆಯ ಮಾತೇ ಎಲ್ಲಕ್ಕಿಂತ ದೊಡ್ಡದು. ಪುಣೆಯ ಬಳಿಯ ಖಡಕಿಯ ಕಾರ್ಖಾನೆಯಲ್ಲಿ ತಯಾರಾಗಿ ಶಕ್ತಿಮಾನ್ ಎಂಬ ಹೆಸರಿನಿಂದ ಮಾರುವ ೧೨ ಬೋರಿನ ತೋಟಾಗಳು ಪರವಾನಗಿಯುಳ್ಳ ಅಂಗಡಿಗಳಲ್ಲಿ ಸಿಕ್ಕುವುವು. ೧೬ ಬೋರಿನ ತೋಟಾವನ್ನು ಹುಡುಕಿಕೊಂಡು ಹೋದವನು ಬರಿಗೈಯಲ್ಲಿ ಹಿಂದಿರುಗುವ ಸಂಭವವೇ ಹೆಚ್ಚು. ಸಿಕ್ಕಿದರೂ ಅವು ಎಷ್ಟು ವರ್ಷ ಅಂಗಡಿಯ ಪೆಟ್ಟಿಗೆಯಲ್ಲಿ ಕಾದಿದ್ದುವೋ ಕೇಳಿ ತಿಳಿಯಬೇಕು. ಮಳೆಗಾಲದ ತೇವ ಹಿಡಿದ ಕಾಗದದ ತೋಟಾ ಉಬ್ಬಿ ನಳಿಗೆಯಲ್ಲಿ ಕೂಡುವುದಿಲ್ಲ. ಕೂಡಿದರೂ ಹೊತ್ತಿಕೊಳ್ಳದೆ ನಿಲ್ಲಬಹುದು, ಇಲ್ಲವೇ ಒಂದು ಕ್ಷಣ ತಡೆದು ಹಾರಬಹುದು. ಟ್ರಿಗರು ಎಳೆದರೂ ಹಾರದಿದ್ದ ಬಂದೂಕನ್ನು ಬಾಯಿ ಹೊಲದ ಬಯಲಿಗೆ ಮಾಡಿ ಅರ್ಧ ನಿಮಿಷ ಹಾಗೆಯೇ ಹಿಡಿದಿದ್ದು, ಆಮೇಲೆ ಮುರಿಯತಕ್ಕದ್ದು.

ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳುವುದು ಅವಶ್ಯ, ಏಕೆಂದರೆ ಒಂದೇ ಮನೆಯಲ್ಲಿ ಎರಡು ಬೋರಿನ ಬಂದೂಕುಗಳಿರುವಲ್ಲಿ ಇದು ಸಂಭವಿಸುವಂಥದು. ೨೦ ಬೋರಿನ ತೋಟಾವನ್ನು ಕತ್ತಲೆಯಲ್ಲಿ ತಪ್ಪಿ ೧೨ ಬೋರಿನ ನಳಿಗೆಗೆ ಹಾಕಿದರೆ ಅದು ಹಿಂಬದಿಯಲ್ಲಿ ನಿಲ್ಲದೆ ಒಳಕ್ಕೆ ಜಾರಿ, ನಳಿಗೆ ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದವನಿಗೆ ನಳಿಗೆ ಬರಿದಾಗಿ ಕಾಣುತ್ತದೆ. ತೋಟಾ ಹಾಕುವುದನ್ನು ಮರೆತೆನೆಂದು ಅವನು ೧೨ರ ತೋಟಾವನ್ನು ಅದರ ಬೆನ್ನಿಗೆ ಹಾಕಿ ಹಾರಿಸುತ್ತಾನೆ. ನಳಿಗೆ ಒಡೆಯುವುದು ಸರಿಯಾಗಿ ಮುಂಗೈ ಹಿಡಿದಿರುವ ಜಾಗದಲ್ಲಿ. ಈ ಕಾರಣದಿಂದಲೇ ೨೦ ಬೋರಿನ ತೋಟಾಗಳಿಗೆ ಹಳದಿಯ ಬಣ್ಣ ಕೊಡುವ ಪದ್ಧತಿ ಹೊರದೇಶಗಳಲ್ಲಿ ನೆಲೆಗೊಂಡಿದೆ. ಕತ್ತಲೆಯಲ್ಲಿ ಬಣ್ಣ ಕಾಣುವುದಿಲ್ಲ. ಯಾವ ಬೋರಿಗೇ ಆಗಲಿ ಬೇರೆ ಬೋರಿನ ತೋಟಾ ಹಾಕಿ ನೋಡುವ ಪ್ರಯೋಗ ಸಲ್ಲದು. ಹದಿನಾರರದು ಸಿಕ್ಕಲಿಲ್ಲವೆಂದು ಇಪ್ಪತ್ತರದಕ್ಕೆ ಕಾಗದ ಸುತ್ತಿ ಕೂಡಿಸುವ ಜಾಣತನವಂತೂ ಕೂಡದೇ ಕೂಡದು. ಮನೆಯಲ್ಲಿ ಎರಡು ಬೋರುಗಳಿದ್ದರೆ ತೋಟಾಗಳನ್ನು ಎರಡು ಬೇರೆ ಕೋಣೆಗಳಲ್ಲಿ ಬೀಗ ಹಾಕಿ ಇಡತಕ್ಕದ್ದು, ಮತ್ತು ಹೊಲಕ್ಕೆ ಹೊರಡುವಾಗ ಕಿಸೆಯನ್ನು ಪೂರ್ತಿ ಖಾಲಿ ಮಾಡಿಕೊಂಡು ಒಂದೇ ಬಗೆಯದನ್ನು ತುಂಬಿಕೊಳ್ಳತಕ್ಕದ್ದು.

ಹಳೆಯ ೧೬ ಬೋರಿಗೆ ಇನ್ನೊಂದು ಗುಪ್ತವಾದ ತೊಡಕುಂಟು. ತೋಟಾ ಕೂಡುವ ಮನೆಯ ಉದ್ದವು ಹಿಂದಿನ ಯುರೋಪಿನ ಬಂದೂಕುಗಳಲ್ಲಿ ೬೫ ಮಿಲಿಮೀಟರು; ಈಗಿನ ತೋಟಾಗಳ ಸಾಮಾನ್ಯ ಉದ್ದ ೭೦. ಈ ೭೦ ಎಂಬುದು ಹಾರಿಸಿ ಬಾಯಿ ಬಿಚ್ಚಿದ ಮೇಲಿನ ಅಳತೆ. ಹಾರಿಸುವ ಮೊದಲು ಬಾಯಿ ಮಡಿಚಿರುವುದರಿಂದ ಉದ್ದನೆಯ ತೋಟಾವೂ ಗಿಡ್ಡ ಮನೆಯಲ್ಲಿ ಸಲೀಸಾಗಿ ಕೂಡುತ್ತದೆ. ಕೂಡಿತಲ್ಲ, ಸರಿಯಾಗಿದೆ ಎಂದು ಯಜಮಾನ ತಿಳಿಯುತ್ತಾನೆ. ಹಾರಿಸಿದಾಗ ಬಾಯಿ ಬಿಚ್ಚುವುದಕ್ಕೆ ಎಡೆಯಿಲ್ಲದೆ ಒತ್ತಡ ಮಿತಿಮೀರುತ್ತದೆ. ಒಂದೆರಡು ಸಲ ಏನೂ ಆಗದೆ ಇರಬಹುದು. ನಳಿಗೆಯ ಮೇಲೆ ಗುಂಗುರುಗೂದಲಿನಂಥ ಗೆರೆಗಳು ಕಂಡರೆ ಅದು ಡಮಾಸ್ಕಸ್ ನಳಿಗೆ: ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೊಸೆದು ಸುತ್ತಿ ಬೆಸೆದದ್ದು. ನೋಡುವುದಕ್ಕೆ ಬಲು ಚಂದ. ಆದರೆ ಅಂಥವುಗಳಲ್ಲಿ ಹೆಚ್ಚಿನವು ಕಪ್ಪು ಮದ್ದಿನ ಕಾಲದವು. ಹೊಗೆಯಿಲ್ಲದ ಮದ್ದಿನ ಇಂದಿನ ತೋಟಾಗಳನ್ನು ಅವುಗಳಲ್ಲಿ ಹಾರಿಸತಕ್ಕದ್ದಲ್ಲ. ಬಂದೂಕನ್ನು ಬಿಚ್ಚಿ ನಳಿಗೆಯ ಅಡಿಯ ಚಪ್ಪಟೆ ಭಾಗವನ್ನು ನೋಡಿದರೆ ಲಿಯೇಜ್, ಬರ್ಮಿಂಗ್‌ಹ್ಯಾಮ್ ಮೊದಲಾದ ಪರೀಕ್ಷಾಲಯಗಳ ಮುದ್ರೆಗಳೂ ಬೋರಿನ ಅಂಕಿಯೂ ಇರುವುವು. ಅದನ್ನು ಓದಬಲ್ಲ ಕೆಲಸಗಾರನಿಗೆ ತೋರಿಸಿ, ಮನೆಯ ಉದ್ದವನ್ನು ಅಳೆಯಿಸಿ, ಬರೆಯಿಸಿಕೊಳ್ಳುವವರೆಗೆ ಅಜ್ಜನ ಬಂದೂಕು ಗೋಡೆಯ ಮೇಲೆಯೇ ಇರಲಿ.

ಮದ್ದು ತುಂಬುವ ಒಂಟಿನಳಿಗೆಯ ಬಂದೂಕಿನ ವಿಷಯ ಬೇರೆ. ಬಾಯಿಯ ಕಡೆಯಿಂದ ಮದ್ದು, ಗಟ್ಟಿಸುವ ನಾರು, ಚರೆ ಎಂದು ಕ್ರಮವಾಗಿ ಹಾಕಿ ಕೇಪು ಇಟ್ಟು ಹಾರಿಸುವ ಈ ಬಂದೂಕಿಗೆ ತೋಟಾ ಬೇಕಿಲ್ಲವಾದುದರಿಂದ ಬೋರು ವಿರಳವಾದರೇನು, ಸಾಮಾನ್ಯವಾದರೇನು? ಇದೊಂದರಲ್ಲಿ ಮಾತ್ರ ಹದಿನಾರಕ್ಕೆ ಯಾವ ತೊಡಕೂ ಇಲ್ಲ. ತುಂಬಿದ್ದನ್ನು ಮರೆತು ಇನ್ನೊಮ್ಮೆ ತುಂಬುವುದೇ ಇದರ ಅಪಾಯ. ತುಂಬುಗೋಲನ್ನು ಬರಿದಾದ ನಳಿಗೆಯಲ್ಲಿ ಇಳಿಸಿ, ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಒಂದು ಗೆರೆ ಕೊರೆದಿಟ್ಟುಕೊಂಡರೆ, ಮುಂದೆ ಎಂದಾದರೂ ಕೋಲನ್ನು ಇಳಿಸಿ ಗೆರೆ ಮೇಲೆ ನಿಂತಿತೋ ಮಟ್ಟಕ್ಕೆ ಬಂದಿತೋ ನೋಡಿ ತಿಳಿಯಬಹುದು.

ಕಾನೂನು ಕೂಡ ಬೆಳೆಯ ರಕ್ಷಣೆಗೆ ಈ ಬಂದೂಕನ್ನೇ ಮೊದಲು ಹೇಳುತ್ತದೆ. ೧೯೫೯ರ ಶಸ್ತ್ರಾಸ್ತ್ರ ಅಧಿನಿಯಮದ ೧೩ನೆಯ ಪ್ರಕರಣದ ಪ್ರಕಾರ ನಿಜವಾದ ಬೆಳೆ ರಕ್ಷಣೆಗಾಗಿ ಕೇಳುವವನಿಗೆ ಮದ್ದು ತುಂಬುವ ಬಂದೂಕಿನ ಪರವಾನಗಿ. ಅದು ಸಾಲದೆಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದಲ್ಲಿ ಬೇರೆ ನುಣುಪು ನಳಿಗೆಯ ಬಂದೂಕಿಗೂ ಕೊಡಬಹುದು, ಆದರೆ ನಳಿಗೆಯ ಉದ್ದ ಇಪ್ಪತ್ತು ಅಂಗುಲಕ್ಕೆ ಕಡಿಮೆ ಇರಕೂಡದು. ೨೦೧೯ರ ತಿದ್ದುಪಡಿಯ ಅನಂತರ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳು ಎರಡು. ಪರವಾನಗಿಯ ಅವಧಿ ಐದು ವರ್ಷ. ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿಯವರಿಗೂ ಪರವಾನಗಿಯಿಂದ ವಿನಾಯಿತಿಯುಂಟು. ೨೦೧೯ರಲ್ಲಿ ಕೇಂದ್ರ ಸರಕಾರವು ಅದನ್ನು ೨೦೨೯ರವರೆಗೆ ಮುಂದುವರಿಸಿತು. ಕೊಡಗಿನ ನೆಂಟರಿಂದ ಇದನ್ನು ಕೇಳಿ ಕಲಬುರಗಿಯಲ್ಲಿಯೂ ಹಾಗೆಯೇ ಇರಬಹುದೆಂದು ಭಾವಿಸುವುದು ಬೇಡ. ತಂದೆಯ ಹೆಸರಿನ ಬಂದೂಕು ತಂದೆ ತೀರಿದ ಮೇಲೆ ತಾನಾಗಿ ಮಗನದಾಗುವುದಿಲ್ಲ; ಹೊಲದ ಖಾತೆ ಬದಲಾದಂತೆ ಇದಕ್ಕೂ ಕ್ರಮವುಂಟು. ಮಗನು ಅದನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಒಪ್ಪಿಸಿ ರಸೀದಿ ಪಡೆದು, ತನ್ನ ಹೆಸರಿಗೆ ಅರ್ಜಿ ಹಾಕಿಕೊಳ್ಳತಕ್ಕದ್ದು.

ಬಂದೂಕಿನ ಪರವಾನಗಿ ಬೇರೆ, ಪ್ರಾಣಿಯನ್ನು ಕೊಲ್ಲುವ ಅನುಮತಿ ಬೇರೆ. ಇದನ್ನು ಗ್ರಾಮದ ಮುಖಂಡರು ಚಾವಡಿಯಲ್ಲಿ ಎಷ್ಟು ಸಲ ಹೇಳಿದರೂ ಹೆಚ್ಚಾಗದು. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಕೃಷ್ಣಮೃಗವೂ ನವಿಲೂ ಮೊದಲನೆಯ ಅನುಸೂಚಿಯವು. ಬೆಳೆ ತಿಂದುವೆಂಬ ಕಾರಣಕ್ಕೆ ಅವುಗಳನ್ನು ಕೊಲ್ಲಲು ಅನುಮತಿಯೇ ದೊರೆಯದು. ಕಾಡುಹಂದಿಯು ೨೦೨೨ರ ತಿದ್ದುಪಡಿಯ ಮೇಲೆ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯಕರವಾದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣ ನಮೂದಿಸಿ ಬರಹದಲ್ಲಿ ಅಪ್ಪಣೆ ಕೊಟ್ಟರೆ ಮಾತ್ರ ಹೊಡೆಯಬಹುದು. ಹಾಗೆ ಹೊಡೆದ ಪ್ರಾಣಿಯೂ ಸರಕಾರದ ಸೊತ್ತು. ಚಿಂಚೋಳಿಯ ಅಭಯಾರಣ್ಯದ ಅಂಚಿನ ಹಳ್ಳಿಗಳವರು ಅದರ ಗಡಿಯೊಳಗೆ ಬಂದೂಕನ್ನು ಹಿಡಿದು ಹೆಜ್ಜೆ ಇಡುವುದೂ ಅನುಮತಿಯಿಲ್ಲದೆ ಅಪರಾಧವೇ. ಅಪ್ಪಣೆ ಇಲ್ಲದವನ ಹೊಲದಲ್ಲಿ ಬಂದೂಕಿನ ಕೆಲಸ ಸದ್ದು ಮಾಡಿ ಅಟ್ಟುವುದಷ್ಟೆ. ಸದ್ದಿಗೆ ಹನ್ನೆರಡೂ ಒಂದೇ, ಹದಿನಾರೂ ಒಂದೇ. ಬೇಲಿಗೆ ಮನೆಯ ವಿದ್ಯುತ್ತನ್ನು ಹರಿಸುವುದು, ಹಿಟ್ಟಿನುಂಡೆಯಲ್ಲಿ ಸಿಡಿಮದ್ದು ಇಡುವುದು ಇವುಗಳಿಂದ ಹಂದಿಗಿಂತ ಮೊದಲು ನೆರೆಯವನ ಎಮ್ಮೆಯೋ ನೆರೆಯವನೇ ಸಾಯುವ ಸಂಭವವುಂಟು. ಬೆಳೆ ಹಾಳಾದರೆ ಅರಣ್ಯ ಇಲಾಖೆಯಿಂದ ದಯಾತ್ಮಕ ಧನ ಕೇಳುವ ದಾರಿಯೊಂದಿದೆ. ಹಾನಿಯ ಗುರುತು ಅಳಿಯುವ ಮುನ್ನ ಅರ್ಜಿ ಕೊಡಬೇಕು.

ಅಪ್ಪಣೆ ಪಡೆದು ಹಂದಿಗೆ ಹಾರಿಸುವವನು ಸಣ್ಣ ಚರೆಯನ್ನು ಬಳಸುವುದು ನಿರ್ದಯದ ಕೆಲಸ. ಪ್ರಾಣಿ ಗಾಯಗೊಂಡು ಕಬ್ಬಿನಲ್ಲಿ ಅಡಗಿ, ಬೆಳಿಗ್ಗೆ ಕಟಾವಿಗೆ ಹೋದವರ ಮೇಲೆ ಬೀಳುವುದು. ಎಸ್‌ಜಿ ಎಂಬ ದಪ್ಪ ಗುಂಡು ಔನ್ಸಿಗೆ ಎಂಟು ಬರುವುದು. ೧೬ ಬೋರಿನ ತೋಟಾದಲ್ಲಿ ಎಂಟು, ೧೨ರಲ್ಲಿ ಒಂಬತ್ತು. ಆದರೆ ಆರನೆಯ ನಂಬರಿನ ಸಣ್ಣ ಕಾಳು ಸುಮಾರು ೨೨೦ ಗಜಕ್ಕೆ ಬಿದ್ದುಹೋದರೆ, ಈ 'ಎಸ್‌ಜಿ' ಗುಂಡು ೭೦೦ ಗಜವನ್ನೂ ದಾಟಬಲ್ಲುದು. ಹಿಂಗಾರಿಯ ಜೋಳ ಕಾಯುವ ಕಾಲದಲ್ಲಿ ಏಳುನೂರು ಗಜದೊಳಗೆ ಎಷ್ಟು ಮಂಚಿಗೆಗಳ ಮೇಲೆ ಎಷ್ಟು ಜನ ಮಲಗಿರುತ್ತಾರೆಂಬುದನ್ನು ಊರವರೇ ಎಣಿಸಬಹುದು. ಆಳೆತ್ತರದ ಜೋಳ ಅಲುಗಿದ ಮಾತ್ರಕ್ಕೆ ಅದು ಹಂದಿಯಲ್ಲ. ನೀರಿಗೆ ಹೋದ ಆಳಾಗಿರಬಹುದು, ತಪ್ಪಿಸಿಕೊಂಡ ಕರುವನ್ನು ಹುಡುಕುವ ಹುಡುಗನಾಗಿರಬಹುದು. ದೀಪದ ಬೆಳಕಿನಲ್ಲಿ ಮೈ ಪೂರ್ತಿ ಕಂಡು, ಅದರ ಹಿಂದೆ ಮಣ್ಣಿನ ಏರಿ ಅಥವಾ ಒಡ್ಡು ಇದ್ದರೆ ಮಾತ್ರ ಹಾರಿಸತಕ್ಕದ್ದು.

ಇನ್ನು ಕಮಲಾಪುರದ ಯಜಮಾನನೊಬ್ಬನು ತಂದೆಯ ೧೬ ಬೋರಿನ ಬಂದೂಕನ್ನು ಮುಂದಿಟ್ಟುಕೊಂಡು ಏನು ಮಾಡಲೆಂದು ಕೇಳಿದರೆ ಉತ್ತರ ಹೀಗಿರಬಹುದು. ನಳಿಗೆ ಉಕ್ಕಿನದಾಗಿ, ಒಳಗೆ ತುಕ್ಕಿನ ಕುಳಿಗಳಿಲ್ಲದೆ, ಕೀಲು ಬಿಗಿಯಾಗಿದ್ದು, ಮನೆಯ ಉದ್ದಕ್ಕೆ ಸರಿಯಾದ ತೋಟಾ ಒದಗಿಸುವೆನೆಂದು ವ್ಯಾಪಾರಿಯೊಬ್ಬನು ಖಚಿತವಾಗಿ ಹೇಳುವುದಾದರೆ, ಅದನ್ನು ಕೊಡುವುದು ಬೇಡ. ಈ ಸೀಮೆಯ ಹೊಲದ ಕೆಲಸಕ್ಕೆ ಅದಕ್ಕಿಂತ ಹಿತವಾದ ಬಂದೂಕು ಸಿಕ್ಕದು. ತೋಟಾದ ಭರವಸೆ ಇಲ್ಲದಿದ್ದರೆ ಮೋಹವನ್ನು ಬಿಟ್ಟು ೧೨ ಬೋರಿಗೆ ಬದಲಿಸಿಕೊಳ್ಳತಕ್ಕದ್ದು. ಹೊಸದಾಗಿ ಕೊಳ್ಳುವವನಂತೂ ಹದಿನಾರನ್ನು ಹುಡುಕಿಕೊಂಡು ಹೋಗತಕ್ಕದ್ದಲ್ಲ. ಹಗುರವೇ ಬೇಕಾದರೆ ೧೨ರಲ್ಲಿಯೇ ತೂಕ ಕಡಿಮೆಯಿರುವ ಒಂಟಿನಳಿಗೆಯದನ್ನು ನೋಡಿ, ಚರೆ ಕಡಿಮೆಯಿರುವ ತೋಟಾ ಹಾಕಿಕೊಳ್ಳಬಹುದು. ಪರವಾನಗಿಯ ಪುಸ್ತಕದಲ್ಲಿ ಬಂದೂಕಿನ ಬಗೆ, ಬೋರು, ನಂಬರು ನಮೂದಾಗಿರುವುದರಿಂದ ಬದಲಿಸುವ ಮೊದಲೇ ಅಧಿಕಾರಿಗಳ ಅಪ್ಪಣೆ ಪಡೆಯಬೇಕು. ವ್ಯಾಪಾರ ಮುಗಿಸಿ ಆಮೇಲೆ ಕಾಗದ ಸರಿಪಡಿಸೋಣವೆಂದವರು ಪೇಚಿಗೆ ಸಿಕ್ಕಿದ್ದಾರೆ.

ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿದ ಬಂದೂಕು ಹಿಂದಿರುಗಿ ಬಂದಾಗ ರಸೀದಿಯ ನಂಬರನ್ನು ನಳಿಗೆಯ ನಂಬರಿನೊಡನೆ ಅಲ್ಲಿಯೇ ತಾಳೆ ನೋಡತಕ್ಕದ್ದು. ವಾರಗಟ್ಟಲೆ ನಿಂತ ನಳಿಗೆಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟುವುದುಂಟು. ಅಷ್ಟು ಸಣ್ಣ ಗೂಡಿನಿಂದಲೂ ನಳಿಗೆ ಸೀಳುವುದು. ಮನೆಗೆ ತಂದು, ಬಿಚ್ಚಿ, ನಳಿಗೆಯನ್ನು ಬೆಳಕಿಗೆ ಹಿಡಿದು ಎರಡು ಕಡೆಯಿಂದಲೂ ನೋಡಿ, ಒಣಬಟ್ಟೆ ಎಳೆದು, ಆಮೇಲೆ ತೆಳ್ಳಗೆ ಎಣ್ಣೆ ಸವರಿ ಇಡತಕ್ಕದ್ದು.